ಇಬ್ಬರು ಮಾಮಾ

ಇವತ್ತು ನಮ್ಮ ಮಾಮಾ ಇಬ್ಬರಾದರು.

ಹೊರಗೆ ಬಿಜಾಪುರದ ಬಿಸಿಲು. ಸುಮ್ನೆ ಮನೆಮಂದಿಯನ್ನೆಲ್ಲ ನಿಯೋ4ಜೆ (Neo4j) ಗ್ರಾಫ್ ಡೇಟಾಬೇಸಿಗೆ ಹಾಕುತ್ತ ಕೂತಿದ್ದೆ. ಅದರಲ್ಲಿ ಒಬ್ಬೊಬ್ಬರೂ ಒಂದು ಚುಕ್ಕಿ (ನೋಡ್), ಸಂಬಂಧ ಒಂದು ಗೆರೆ. ಪೈಥಾನ್‌ನಿಂದ ಅದಕ್ಕೆ ಕೊಂಡಿ ಹಾಕುವ ಡ್ರೈವರ್ ಹಗುರ. ವಿಳಾಸ, ಯೂಸರ್, ಪಾಸ್‌ವರ್ಡ್ ಕೊಟ್ಟರೆ ಮುಗೀತು. ಉಳಿದದ್ದು ಅದರದೇ ಭಾಷೆ ಸೈಫರ್‌ನ ಸಾಲು.

ಮಾಮಾ ಅವ್ವನ ತಮ್ಮ. ಒಂದು ಗೆರೆ. ಅಕ್ಕನನ್ನು ಮದುವೆಯಾದವರೂ ಅವರೇ. (ನಮ್ಮ ಕಡೆ ಇದು ಹೊಸದೇನಲ್ಲ ಬಿಡಿ.) ಎರಡನೇ ಗೆರೆ ಎಳೆಯಲು ಹೋದೆ. ಸ್ಕ್ರೀನ್ ಮೇಲೆ ಇನ್ನೊಬ್ಬ ಮಾಮಾ! ಪಕ್ಕದಲ್ಲಿ ಇನ್ನೊಬ್ಬಳು ಅಕ್ಕ!

ತಪ್ಪು ನನ್ನದೇ. ಗೆರೆ ಎಳೆಯಲು ಹಾಕಿದ್ದು ಮರ್ಜ್ ಆಜ್ಞೆ. ಮರ್ಜ್ ಅಂದರೆ ಇದ್ದರೆ ಹುಡುಕು, ಇಲ್ಲದಿದ್ದರೆ ಮಾಡು. ಆದರೆ ಅದು ನೋಡುವುದು ಪೂರ್ತಿ ಸಾಲನ್ನು. ಮಾಮಾ, ಮದುವೆ, ಅಕ್ಕ ಮೂರೂ ಒಟ್ಟಿಗೆ ಸಿಗದಿದ್ದರೆ ಮೂರನ್ನೂ ಹೊಸದಾಗಿ ಹುಟ್ಟಿಸುತ್ತದೆ. ಮೊದಲು ಇದ್ದವರನ್ನು ಹುಡುಕುವ ಮ್ಯಾಚ್ ಹಾಕಿ ಇಬ್ಬರನ್ನೂ ಹಿಡಿದುಕೊಂಡು, ಆಮೇಲೆ ಗೆರೆಗಷ್ಟೇ ಮರ್ಜ್ ಹಾಕಬೇಕಿತ್ತು.

ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಬಂದು ನೋಡಿದಳು. "ನಾನೂ ಅವನಿಗೆ ಒಮ್ಮೆ ತಮ್ಮಾ ಅಂತೀನಿ, ಒಮ್ಮೆ ಅಳಿಯಾ ಅಂತೀನಿ. ಪಾಪ, ಅದಕ್ಕೇನು ತಿಳೀತದ?"

ಹೆಚ್ಚಿನ ಮಾಮಾನನ್ನು ಅಳಿಸಲು ಹೋದರೆ ಬರೀ ಡಿಲೀಟ್ ಸಾಕಾಗಲಿಲ್ಲ. ಗೆರೆ ಇರುವ ನೋಡ್ ಹಾಗೆಲ್ಲ ಹೋಗುವುದಿಲ್ಲ. ಡಿಟ್ಯಾಚ್ ಅನ್ನಬೇಕು, ಸಂಬಂಧ ಕಡಿದೇ ಕಳಿಸಬೇಕು. ಎಂಟರ್ ಒತ್ತುವ ಮುಂಚೆ ಯಾಕೋ ಕೈ ಒಂದು ಕ್ಷಣ ತಡೆಯಿತು. ಭಾನುವಾರ ಮಾಮಾ ಊಟಕ್ಕೆ ಬರುತ್ತಾರೆ, ಹೇಳಲೋ ಬೇಡವೋ?