ದಿಂಬಿಗೆ ಅಂಟಿದ ಕೆಂಪು

ಒಂದೇ ಕುರ್ಚಿಯನ್ನು ಕೆಂಪು, ನೀಲಿ, ಹಳದಿ ಎಂದು ಮೂರು ಬಣ್ಣಗಳಲ್ಲಿ ತೋರಿಸಬೇಕಾಗಿತ್ತು. ಫೋಟೋ ಇದ್ದದ್ದು ಮಾತ್ರ ಕೆಂಪು ಕುರ್ಚಿಯದು. ಬಿಳಿ ಗೋಡೆ, ಮರದ ನೆಲ, ನುಣುಪಾದ ಪ್ಲಾಸ್ಟಿಕ್ ಕುರ್ಚಿ, ಅದರ ಬೆನ್ನಿಗೆ ಒರಗಿಸಿದ ಒಂದು ಬಿಳಿ ದಿಂಬು. ಉಳಿದೆರಡು ಬಣ್ಣಗಳನ್ನು ಫೋಟೋಶಾಪಿನಲ್ಲಿ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದುಕೊಂಡು ಬೆಳಿಗ್ಗೆ ಕುಳಿತವನು ಸಂಜೆಯವರೆಗೂ ಏಳಲಿಲ್ಲ.

ಮೊದಲು ಬಣ್ಣವನ್ನೇ ಗುರುತು ಹಿಡಿದು ಆಯ್ಕೆ ಮಾಡುವ ಸಾಧನವನ್ನು ಬಳಸಿ ನೋಡಿದೆ. ಕುರ್ಚಿಯ ಕೈಯ ಮೇಲೆ ಬೆಳಕು ಬಿದ್ದು ಬೆಳ್ಳಗೆ ಹೊಳೆಯುತ್ತಿದ್ದ ಭಾಗವನ್ನು ಅದು ಕುರ್ಚಿಯೆಂದು ಒಪ್ಪಲಿಲ್ಲ. ಗೋಡೆಯ ಮೇಲೆ ನಸುಗೆಂಪಾಗಿದ್ದ ಒಂದು ತುಣುಕನ್ನು ಮಾತ್ರ ಕೇಳದೆಯೇ ಸೇರಿಸಿಕೊಂಡಿತು. ಅದು ಏನನ್ನು ಹೇಳುತ್ತಿತ್ತು ಎಂಬುದನ್ನು ಆಗಲೇ ಗಮನಿಸಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು. ಆಯ್ಕೆಯನ್ನು ರದ್ದು ಮಾಡಿ, ಪೆನ್ ಟೂಲಿನಿಂದ ಕುರ್ಚಿಯ ಅಂಚನ್ನು ಸುತ್ತಿ ಬಂದು ಮಾಸ್ಕ್, ಅಂದರೆ ಬದಲಾವಣೆ ಎಲ್ಲಿಗೆ ಮಾತ್ರ ತಾಕಬೇಕೆಂದು ಗೊತ್ತುಮಾಡುವ ಮುಸುಕು, ಮಾಡಿಕೊಂಡೆ. ಅದರ ಮೇಲೆ ಹ್ಯೂ (ವರ್ಣ) ಮತ್ತು ಸ್ಯಾಚುರೇಶನ್ (ಬಣ್ಣದ ತೀವ್ರತೆ) ಎರಡನ್ನೂ ಬದಲಿಸುವ ಹ್ಯೂ-ಸ್ಯಾಚುರೇಶನ್ ಲೇಯರ್ (ಪದರ) ಹಾಕಿ ಹ್ಯೂ ಸ್ಲೈಡರನ್ನು ಮೈನಸ್ 120ಕ್ಕೆ ಎಳೆದ ಕೂಡಲೇ ಕುರ್ಚಿ ನೀಲಿಯಾಯಿತು. 360 ಡಿಗ್ರಿಯ ವರ್ಣಚಕ್ರದಲ್ಲಿ ಕೆಂಪು 0 ಡಿಗ್ರಿಯಲ್ಲಿದ್ದರೆ ನೀಲಿ 240ರಲ್ಲಿರುವುದರಿಂದ ಲೆಕ್ಕ ಸರಿಯಾಗಿಯೇ ಇತ್ತು. ಸ್ಯಾಚುರೇಶನನ್ನು ಸ್ವಲ್ಪ ಇಳಿಸಿ, ಮಧ್ಯಾಹ್ನಕ್ಕೆ ಮೊದಲೇ ನೀಲಿ ಕುರ್ಚಿಯನ್ನು ಕಳುಹಿಸಿಯೂ ಬಿಟ್ಟೆ.

ಹಳದಿಗೆ ಪ್ಲಸ್ 60 ಸಾಕೆಂಬುದು ಅದೇ ಲೆಕ್ಕದ ಮಾತು. ಆದರೆ ಬಂದದ್ದು ಹಳದಿಯಲ್ಲ, ಸಾಸಿವೆ ಎಣ್ಣೆಯಲ್ಲಿ ಮಸಿ ಕಲಸಿದಂತಹ ಒಂದು ಬಣ್ಣ. ಕುರ್ಚಿಯ ಕೆಳಗಿನ ನೆರಳಂತೂ ಪಾಚಿ ಹಿಡಿದಂತೆ ಹಸಿರುಗಟ್ಟಿತ್ತು. ಕಾರಣ ಸರಳವಾದದ್ದೇ. ನಮ್ಮ ಕಣ್ಣಿಗೆ ಎಲ್ಲ ಬಣ್ಣಗಳೂ ಒಂದೇ ಸಮನಾಗಿ ಬೆಳಗುವುದಿಲ್ಲ. ಬಿಳಿಯ ಹೊಳಪನ್ನು 100 ಎಂದು ಹಿಡಿದರೆ, ಸಾಮಾನ್ಯವಾಗಿ ಬಳಸುವ ಲೆಕ್ಕದಂತೆ ಕೆಂಪಿನದು 30, ಹಸಿರಿನದು 59, ನೀಲಿಯದು 11. ಪರದೆಯ ಮೇಲಿನ ಹಳದಿ ಎಂದರೆ ಕೆಂಪೂ ಹಸಿರೂ ಕೂಡಿದ್ದು, ಅಂದರೆ 89. ಕೆಂಪಾಗಿದ್ದಾಗ ಗಾಢವಾಗಿ ಚೆಂದ ಕಂಡ ಪ್ಲಾಸ್ಟಿಕ್ಕು, ಹ್ಯೂ ಮಾತ್ರ ತಿರುಗಿದಾಗ ಬೆಳಕು ಸಾಲದ ಹಳದಿಯಾಗಿ ನಿಲ್ಲುತ್ತದೆ. ಕತ್ತಲೆಯ ಹಳದಿಯನ್ನು ಕಣ್ಣು ಹಸಿರೆಂದೇ ಓದುತ್ತದೆ. ಹಾಗಾಗಿ ಹೊಳಪನ್ನು ಏರಿಳಿಸುವ ಕರ್ವ್ಸ್ ಲೇಯರ್ ಒಂದನ್ನು ಸೇರಿಸಿ ಮಧ್ಯದ ಛಾಯೆಗಳನ್ನು ಸಾಕಷ್ಟು ಮೇಲೆತ್ತಿದೆ, ನೆರಳಿರುವ ಕಡೆ ಹ್ಯೂವನ್ನು 60ರ ಬದಲು 40ರ ಸುಮಾರಿಗೆ ನಿಲ್ಲಿಸಿ ಕಿತ್ತಳೆಯತ್ತ ಸರಿಸಿದೆ. ಕುರ್ಚಿಗೆ ಜೀವ ಬಂತು.

ಅದರ ಬೆನ್ನಲ್ಲೇ ಅಂಚಿನ ರಗಳೆ ಶುರುವಾಯಿತು. 300 ಪ್ರತಿಶತ ಹಿಗ್ಗಿಸಿ ನೋಡಿದರೆ ಹಳದಿ ಕುರ್ಚಿಯ ಸುತ್ತ ಕೆಂಪು ದಾರವೊಂದನ್ನು ಹೊಲಿದಂತೆ ಕಾಣುತ್ತಿತ್ತು. ನನಗೆ ಬಂದದ್ದು ಜೆಪೆಗ್, ಅಂದರೆ ಗಾತ್ರ ಕುಗ್ಗಿಸಿ ಉಳಿಸಿದ ಚಿತ್ರದ ಕಡತ. ಬಹಳಷ್ಟು ಜೆಪೆಗ್‌ಗಳು ಹೊಳಪನ್ನು ಪ್ರತಿ ಪಿಕ್ಸೆಲ್ಲಿಗೂ ಇಟ್ಟುಕೊಂಡು, ಬಣ್ಣವನ್ನು ನಾಲ್ಕು ಪಿಕ್ಸೆಲ್ಲಿಗೆ ಒಂದರಂತೆ ಮಾತ್ರ ಉಳಿಸಿಕೊಳ್ಳುತ್ತವೆ, ಆದ್ದರಿಂದ ಬಣ್ಣವು ಆಕಾರದ ಗೆರೆಯನ್ನು ದಾಟಿ ಆಚೆಗೂ ಹರಡಿರುತ್ತದೆ. ಮಾಸ್ಕನ್ನು ಎರಡು ಪಿಕ್ಸೆಲ್ ಹಿಗ್ಗಿಸಿದಾಗ ಕೆಂಪು ದಾರ ಹೋಯಿತು, ಆದರೆ ಅದೇ ಜಾಗದಲ್ಲಿ ಬೆಳ್ಳನೆಯ ಪ್ರಭಾವಳಿ ಮೂಡಿತು. ಹ್ಯೂ ಲೇಯರಿಗೂ ಕರ್ವ್ಸ್ ಲೇಯರಿಗೂ ಒಂದೇ ಮಾಸ್ಕ್ ಕೊಟ್ಟದ್ದೇ ತಪ್ಪು ಎಂದು ಹೊಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ಬಿಳಿ, ಬೂದು ಬಣ್ಣಗಳಲ್ಲಿ ತಿರುಗಿಸಲು ಹ್ಯೂ ಎಂಬುದೇ ಇಲ್ಲವಾದ್ದರಿಂದ, ಹ್ಯೂ ಮಾಸ್ಕು ಗೋಡೆಯ ಮೇಲೆ ತುಸು ಹರಿದರೂ ಹಾನಿಯಿಲ್ಲ. ಕರ್ವ್ಸ್ ಮಾತ್ರ ತಾನು ಮುಟ್ಟಿದ್ದನ್ನೆಲ್ಲ ಬೆಳಗಿಸುತ್ತದೆ. ಮೊದಲನೆಯದನ್ನು ಅಗಲವಾಗಿ ಬಿಟ್ಟು, ಎರಡನೆಯದನ್ನು ಒಂದು ಪಿಕ್ಸೆಲ್ ಒಳಕ್ಕೆ ಎಳೆದ ಮೇಲೆ ಅಂಚು ನೆಟ್ಟಗಾಯಿತು.

ಇಷ್ಟಾದರೂ ಕುರ್ಚಿ ಕತ್ತರಿಸಿ ಅಂಟಿಸಿದಂತೆಯೇ ಇತ್ತು. ಅಂಚಿನಲ್ಲಿ ದೋಷವಿಲ್ಲ, ನೆರಳು ಸರಿ, ಹೊಳಪು ಸರಿ. ಕೊನೆಗೆ ಅಂಗೈಯಿಂದ ಕುರ್ಚಿಯನ್ನು ಮುಚ್ಚಿ ಉಳಿದ ಚಿತ್ರವನ್ನಷ್ಟೇ ನೋಡಿದೆ. ಬಿಳಿ ದಿಂಬಿನ ಕೆಳಗಿನ ಹೊಲಿಗೆಯ ಉದ್ದಕ್ಕೂ, ಬಟ್ಟೆಯ ಮಡಿಕೆಗಳೊಳಗೆ, ತೆಳುವಾದ ಗುಲಾಬಿ ಬಣ್ಣವಿತ್ತು. ಅದು ಕೆಂಪು ಕುರ್ಚಿಯಿಂದ ಪುಟಿದು ಬಂದ ಬೆಳಕು. ಕುರ್ಚಿ ಹೋದರೂ ಅದು ದಿಂಬಿನಲ್ಲಿ ಉಳಿದುಕೊಂಡಿತ್ತು. ಬೆಳಿಗ್ಗೆ ಆಯ್ಕೆಯಲ್ಲಿ ಸೇರಿಕೊಂಡ ಗೋಡೆಯ ತುಣುಕೂ ಅದೇ ಬೆಳಕಿನದು. ದೊಡ್ಡದಾದ ಮೃದು ಬ್ರಷ್ ಹಿಡಿದು ಹ್ಯೂ ಮಾಸ್ಕನ್ನು ಆ ಮಡಿಕೆಗಳ ಮೇಲೆ ಹಗುರವಾಗಿ ಹರಡಿದೆ, ಗುಲಾಬಿ ಇದ್ದಲ್ಲಿ ತಿಳಿಹಳದಿ ಬಂತು. ಅದೇ ಹುಮ್ಮಸ್ಸಿನಲ್ಲಿ ನೆಲದ ಮೇಲೂ ಬ್ರಷ್ ಆಡಿಸಿದ್ದು ಅತಿಯಾಯಿತು: ಕಂದು ಮರಕ್ಕೂ ತನ್ನದೇ ಹ್ಯೂ ಇರುವುದರಿಂದ ಹಲಗೆಗಳು ಹಸಿರಾದವು. ಅಲ್ಲಿ ಮಾಸ್ಕನ್ನು ಅಳಿಸಿ, ಬೇರೊಂದು ಲೇಯರಿನಲ್ಲಿ ಕೆಂಪಿನ ಅಂಶವನ್ನಷ್ಟೇ ಸ್ವಲ್ಪ ತಗ್ಗಿಸಿದೆ.

ಕುರ್ಚಿ ಈಗ ಗೋಡೆಯ ಮುಂದೆ ನಿಜವಾಗಿಯೂ ನಿಂತಿತ್ತು. ಹಳದಿಯದನ್ನು ಕಳುಹಿಸುವ ಮುನ್ನ ಪಕ್ಕದಲ್ಲಿಟ್ಟು ನೋಡಲೆಂದು ನೀಲಿಯ ಕಡತವನ್ನು ತೆರೆದೆ. ನೀಲಿ ಕುರ್ಚಿಯ ಮೇಲಿನ ದಿಂಬು ಗುಲಾಬಿಯಾಗಿಯೇ ಕುಳಿತಿತ್ತು. ನೀಲಿಯದನ್ನು ದಯವಿಟ್ಟು ಬಳಸಬೇಡಿ, ಇನ್ನೊಂದು ಪ್ರತಿ ಬರುತ್ತಿದೆ ಎಂದು ಬರೆದು ಕಳುಹಿಸಿ, ಮತ್ತೆ ಬ್ರಷ್ ಹಿಡಿದೆ.