ಏನಾದ್ರೂ ಸರಿ

16 ನವೆಂಬರ್ 2025, ಭಾನುವಾರ ರಾತ್ರಿ
ವಿನೋಬನಗರ, ಶಿವಮೊಗ್ಗ

ತರಕಾರಿ ತೊಳೆಯುವ ತೂತಿನ ಪಾತ್ರೆ ಅಪ್ಪಿಯ ತಲೆದಿಂಬಿನ ಪಕ್ಕದಲ್ಲೇ ಇದೆ. ತೆಗೆಯಲು ಹೋದರೆ ಎಚ್ಚರ ಆದೀತು ಅಂತ ಹಾಗೇ ಬಿಟ್ಟು ಬಂದೆ. ಹಣೆ ಮೇಲೆ ಅದರ ಅಂಚಿನ ಗೆರೆ ಇನ್ನೂ ಕೆಂಪಗಿದೆ. ಸಂಜೆಯಿಂದ ತಲೆ ಮೇಲೆ ಹಾಕಿಕೊಂಡವನು ಇಳಿಸಲೇ ಇಲ್ಲ. ಊಟಕ್ಕೆ ಕೂತಾಗ ಇವರು "ಅದನ್ನ ತೆಗೆದಿಡೋ ಈಗ" ಅಂದರು. "ಸ್ವಲ್ಪ ಹೊತ್ತು ಇರ್ಲಿ ಚಿಕ್ಕಪ್ಪ" ಅಂದ. ಇವರು ನನ್ನ ಮುಖ ನೋಡಿದರು. ನಾನು ಸಾರು ಬಡಿಸುತ್ತಿದ್ದ ಕೈ ಹಾಗೇ ನಿಲ್ಲಿಸಿದೆ. ಜೂನ್‌ನಲ್ಲಿ ಅಕ್ಕನ ಮನೆಯಿಂದ ನಮ್ಮ ಮನೆಗೆ ಬಂದಾಗಿನಿಂದ ಅವನು ಒಂದು ಮಾತಿಗೂ ಬೇಡ ಅಂದವನಲ್ಲ.

ಅದನ್ನೇ ಬರೆಯಬೇಕು ಅಂತ ಕೂತಿದ್ದೇನೆ. ನಿದ್ದೆ ಬರುತ್ತಿಲ್ಲ.

ಮಧ್ಯಾಹ್ನ ಊಟ ಆದಮೇಲೆ "ಸಿನಿಮಾ ನೋಡೋಣ್ವಾ, ಯಾವುದು ಹಾಕ್ಲಿ?" ಅಂತ ಕೇಳಿದೆ. "ಏನಾದ್ರೂ ಸರಿ ಚಿಕ್ಕಿ" ಅಂದ. ಅವನ ಉತ್ತರ ಯಾವಾಗಲೂ ಅದೇ. ತಿಂಡಿ ಏನು ಮಾಡ್ಲಿ? ಏನಾದ್ರೂ ಸರಿ. ಯಾವ ಬಣ್ಣದ ಬ್ಯಾಗ್ ಬೇಕು? ಏನಾದ್ರೂ ಸರಿ. ತುಂಗೆ ಕಡೆ ಹೋಗೋಣ್ವಾ, ಪಾರ್ಕಿಗೆ ಹೋಗೋಣ್ವಾ? ಎಲ್ಲಾದ್ರೂ ಸರಿ. ಹತ್ತು ವರ್ಷದ ಹುಡುಗ. ಪಕ್ಕದ ಮನೆಯವರು ನೋಡಿದಾಗೆಲ್ಲ "ಎಷ್ಟು ಒಳ್ಳೆ ಹುಡುಗ, ಇದ್ದಾನೆ ಅಂತಲೇ ಗೊತ್ತಾಗಲ್ಲ" ಅನ್ನುತ್ತಾರೆ. ನನಗೂ ಆ ಮಾತು ಕೇಳಿ ಖುಷಿ ಆಗುತ್ತಿತ್ತು, ನಿಜ ಹೇಳಬೇಕು.

ನಾನೇ ಹುಡುಕಿ ಜಿಯೋ ಹಾಟ್‌ಸ್ಟಾರ್‌ನಲ್ಲಿ ಎಲಿಯೋ ಹಾಕಿದೆ. ಪಿಕ್ಸಾರ್ ಅನ್ನುವ ಅಮೆರಿಕದ ಕಾರ್ಟೂನ್ ಸಿನಿಮಾ ಕಂಪನಿಯದು, ಈ ಜೂನ್ 20ಕ್ಕೆ ಥಿಯೇಟರಿಗೆ ಬಂದಿತ್ತು. ಆಗ ನೋಡಿರಲಿಲ್ಲ. ಆಗ ಓದಿದ್ದೆಲ್ಲ ಬರೀ ಸೋಲಿನ ಸುದ್ದಿ. ಮೊದಲ ವಾರಾಂತ್ಯದಲ್ಲಿ ಅಮೆರಿಕದಲ್ಲಿ ಬಂದದ್ದು ಸುಮಾರು 2.1 ಕೋಟಿ ಡಾಲರ್, ಪಿಕ್ಸಾರ್ 1995ರಲ್ಲಿ ಮೊದಲ ಸಿನಿಮಾ ಮಾಡಿದಾಗಿನಿಂದ ಇಷ್ಟು ಕಡಿಮೆ ಯಾವತ್ತೂ ಇರಲಿಲ್ಲ ಅಂತ. ಖರ್ಚು ನೋಡಿದರೆ 15 ಕೋಟಿ ಡಾಲರ್ ಹತ್ತಿರ. 2024ರ ಮಾರ್ಚ್‌ನಲ್ಲಿ ಬರಬೇಕಿದ್ದದ್ದು ಮುಂದಕ್ಕೆ ಹೋಯಿತು, ನಡುವೆ ನಿರ್ದೇಶಕರು ಬದಲಾದರು. ಅದೇ ಕಂಪನಿಯ ಇನ್‌ಸೈಡ್ ಔಟ್ 2 ಹಿಂದಿನ ವರ್ಷ 160 ಕೋಟಿ ಡಾಲರಿಗಿಂತ ಜಾಸ್ತಿ ಗಳಿಸಿತ್ತು. ಅದು ಗೊತ್ತಿರುವ ಕಥೆಯ ಎರಡನೇ ಭಾಗ. ಇದು ಯಾರಿಗೂ ಗೊತ್ತಿಲ್ಲದ ಒಬ್ಬ ಹುಡುಗನ ಕಥೆ. ನಮ್ಮಲ್ಲೂ ಅಷ್ಟೇ ಅಲ್ವಾ, ಜುಲೈನಲ್ಲಿ ಮಹಾವತಾರ ನರಸಿಂಹ ಬಂದಾಗ ನಮ್ಮ ಓಣಿಯ ಅಜ್ಜಿಯರೂ ಮೊಮ್ಮಕ್ಕಳ ಕೈ ಹಿಡಿದು ಹೋದರು. ಪ್ರಹ್ಲಾದ ಮನೆಯ ಹುಡುಗ. ಎಲಿಯೋ ಯಾರ ಮನೆ ಹುಡುಗ?

ಆದರೆ ಥಿಯೇಟರಿಗೆ ಹೋದವರು ಕೈಬಿಟ್ಟಿಲ್ಲ. ಅಮೆರಿಕದಲ್ಲಿ ಸಿನಿಮಾ ನೋಡಿ ಹೊರಗೆ ಬರುವವರನ್ನು ಕೇಳಿ ಗ್ರೇಡ್ ಕೊಡುವ ಸಿನಿಮಾಸ್ಕೋರ್ ಅಂತ ಒಂದಿದೆ. ಅದರಲ್ಲಿ ಇದಕ್ಕೆ ಎ ಬಂದಿದೆ. ನೋಡಿದವರಿಗೆ ಹಿಡಿಸಿದೆ, ನೋಡಲು ಹೋದವರೇ ಕಡಿಮೆ. ನಾನೂ ಹೋಗದವರ ಲೆಕ್ಕದಲ್ಲಿ ಇದ್ದೆ. ಸುದ್ದಿ ಓದಿ, ಸರಿ ಬಿಡು, ಚೆನ್ನಾಗಿರಲಿಕ್ಕಿಲ್ಲ ಅಂದುಕೊಂಡವಳು. ಇವತ್ತು ಅದಕ್ಕೆ ಬೇಜಾರಾಗುತ್ತಿದೆ. ಜೂನ್‌ನಲ್ಲೇ ತೋರಿಸಿದ್ದರೆ ಐದು ತಿಂಗಳು ಮುಂಚೆ ಈ ಮಾತು ಆಡುತ್ತಿದ್ದನೋ ಏನೋ.

ಸಿನಿಮಾ ಶುರುವಾಗುವುದೇ ಆ ಹುಡುಗ ಮೇಜಿನ ಕೆಳಗೆ ಅಡಗಿ ಕೂತಿರುವಲ್ಲಿಂದ. ಅಪ್ಪ ಅಮ್ಮ ತೀರಿಹೋಗಿದ್ದಾರೆ. ಓಲ್ಗಾ ಅಂತ, ವಾಯುಪಡೆಯಲ್ಲಿ ಮೇಜರ್ ಆಗಿರುವವಳು ಸಾಕುತ್ತಿದ್ದಾಳೆ. ಅವಳಿಗೆ ಗಗನಯಾತ್ರಿ ಆಗುವ ಆಸೆ ಇತ್ತು, ಇವನಿಗಾಗಿ ಅದನ್ನು ಪಕ್ಕಕ್ಕೆ ಇಟ್ಟಿದ್ದಾಳೆ. ಅವಳು ಬಗ್ಗಿ ಕರೆದರೂ ಹುಡುಗ ಮೇಜಿನ ಕೆಳಗಿಂದ ಬರುವುದಿಲ್ಲ.

ಅಪ್ಪಿ ಚಕ್ಕುಲಿ ಮುರಿಯುತ್ತಿದ್ದವನು ನಿಲ್ಲಿಸಿದ.

ನನಗೆ ಮೇ ತಿಂಗಳು ನೆನಪಾಯಿತು. ಊರಲ್ಲಿ ಐದನೇ ಕ್ಲಾಸಿಗೆ ಇದ್ದದ್ದು ಎರಡೇ ಮಕ್ಕಳು, ಅದಕ್ಕೇ ಶಿವಮೊಗ್ಗಕ್ಕೆ ಅಂತ ಅಕ್ಕ ಭಾವ ತೀರ್ಮಾನ ಮಾಡಿದ್ದರು. ಅವನಿಗೆ ಹೇಳಿದ ದಿನ ನಾನೂ ಅಲ್ಲೇ ಇದ್ದೆ. ಅಟ್ಟ ಹತ್ತಿ ಕೂತವನು ಸಂಜೆವರೆಗೆ ಇಳಿಯಲಿಲ್ಲ. ಏಣಿ ಮೇಲೆಳೆದುಕೊಂಡಿದ್ದ. "ನಾ ಹೋಗೂದಿಲ್ಲ, ನೀವೇ ಹೋಗಿ" ಅಂತ ಅಲ್ಲಿಂದಲೇ ಕೂಗಿದ್ದು ಗದ್ದೆಯವರೆಗೂ ಕೇಳಿತ್ತು. ಮೂರು ವಾರಕ್ಕೆ ಬ್ಯಾಗ್ ಹಿಡಿದು ನನ್ನ ಬಾಗಿಲಲ್ಲಿ ನಿಂತವನು, ಚಪ್ಪಲಿ ಸಾಲಾಗಿ ಜೋಡಿಸಿಟ್ಟು, "ಚಿಕ್ಕಿ ಎಲ್ಲಿ ಕೂರ್ಲಿ?" ಅಂತ ಕೇಳಿದ. ಅವತ್ತು ನಾನು ಏನು ಅಂದುಕೊಂಡೆ ಗೊತ್ತಾ? ಪರವಾಗಿಲ್ಲ, ಬೇಗ ಹೊಂದಿಕೊಂಡ ಅಂತ.

ಸಿನಿಮಾ ಇಂಗ್ಲಿಷ್‌ನಲ್ಲಿ ನೋಡಿದೆವು, ನಡುನಡುವೆ ಅರ್ಥ ಹೇಳುತ್ತಿದ್ದೆ. ಓಲ್ಗಾ ಆ ಹುಡುಗನಿಗೆ ಆಂಟಿ ಅಂತ ಬಂದಾಗ ಅಪ್ಪಿಗೆ ಡೌಟು. "ಅವಳು ಅತ್ತೆನಾ ಚಿಕ್ಕಮ್ಮನಾ?" ಇಬ್ಬರ ಮನೆತನದ ಹೆಸರೂ ಸೋಲಿಸ್ ಅಂತ ಇದೆ, ಹಾಗಾದ್ರೆ ಅಪ್ಪನ ತಂಗಿನೋ ಅಕ್ಕನೋ, ಅತ್ತೆ ಇರಬೇಕು ಅಂದೆ. ಸ್ವಲ್ಪ ಯೋಚನೆ ಮಾಡಿ, "ಚಿಕ್ಕಿ ಅಂತಲೇ ಅಂದ್ಕೊಳ್ಳೋಣ" ಅಂದ.

ಆ ಹುಡುಗನಿಗೆ ಭೂಮಿ ಮೇಲೆ ತಾನು ಯಾರಿಗೂ ಬೇಡ ಅಂತ ಅನಿಸಿಬಿಟ್ಟಿದೆ. ಸಮುದ್ರದ ದಂಡೆ ಮೇಲೆ ಮರಳಿನಲ್ಲಿ ದೊಡ್ಡದಾಗಿ ಬರೆದು, ತಲೆಗೆ ತೂತಿನ ಪಾತ್ರೆ ಹಾಕಿಕೊಂಡು, ಅನ್ಯಗ್ರಹದವರು ಬಂದು ನನ್ನನ್ನು ಎತ್ತಿಕೊಂಡು ಹೋಗಲಿ ಅಂತ ಮಲಗಿರುತ್ತಾನೆ. ಕೊನೆಗೆ ಅವರು ಕರೆದುಕೊಂಡು ಹೋಗುತ್ತಾರೆ, ಭೂಮಿಯ ನಾಯಕ ಇವನೇ ಅಂತ ತಿಳಿದು. ಅಲ್ಲಿಯ ಲೋಕ ಬಣ್ಣಬಣ್ಣದ್ದು, ಕಣ್ಣಿಗೆ ಹಬ್ಬ. ಅಲ್ಲಿ ಗ್ಲೋರ್ಡನ್ ಅಂತ ಕಣ್ಣಿಲ್ಲದ, ಮೈತುಂಬ ಕಾಲಿರುವ ಹುಳದ ಹಾಗಿರುವ ಗೆಳೆಯ ಸಿಗುತ್ತಾನೆ. ಅಪ್ಪಿ ಅವನನ್ನು ಕಂಡ ಕೂಡಲೇ "ಕಂಬಳಿಹುಳ!" ಅಂದ, ಜೋರಾಗಿ. ಎಷ್ಟು ಜೋರಾಗಿ ಅಂದರೆ ರೂಮಿನಲ್ಲಿ ಮಲಗಿದ್ದ ಇವರು ಎದ್ದು ಬಂದರು.

ಇವನು ಮೇಲೆ ಇರುವಾಗ ಇಲ್ಲಿ ಭೂಮಿಯಲ್ಲಿ ಅನುಮಾನ ಬರಬಾರದು ಅಂತ ಇವನದೇ ಒಂದು ಕ್ಲೋನ್ ಓಲ್ಗಾಳ ಮನೆಗೆ ಬರುತ್ತದೆ. ನೋಡಲು ಅವನೇ. ಆದರೆ ಗಲಾಟೆ ಇಲ್ಲ, ಹಟ ಇಲ್ಲ, ಹೇಳಿದ ಹಾಗೆ ಕೇಳುತ್ತದೆ. ಓಲ್ಗಾಳಿಗೆ ಅದರಿಂದಲೇ ಅನುಮಾನ ಬರುತ್ತದೆ. ಇದು ನಮ್ಮ ಹುಡುಗ ಅಲ್ಲ.

ನಾನು ನಗುತ್ತಿದ್ದೆ. ಆ ಭಾಗವನ್ನು ನಗಿಸಲಿಕ್ಕೇ ಮಾಡಿದ್ದಾರೆ. ಅಪ್ಪಿ ನಗಲಿಲ್ಲ.

"ಚಿಕ್ಕಿ, ಆ ಡೂಪ್ಲಿಕೇಟ್ ಹುಡುಗ ಪಾಪ ಅಲ್ವಾ?"

"ಯಾಕೋ?"

"ಅವನು ಎಲ್ಲಾ ಸರಿಯಾಗೇ ಮಾಡ್ತಾ ಇದಾನೆ. ಆದ್ರೂ ಅವಳಿಗೆ ಅವನು ಬೇಡ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ರಿಮೋಟ್ ಹುಡುಕಿ ನಿಲ್ಲಿಸುವ ಹೊತ್ತಿಗೆ ದೃಶ್ಯ ಮುಂದೆ ಹೋಗಿತ್ತು. ಅವನು ಮತ್ತೆ ಚಕ್ಕುಲಿ ತಿನ್ನಲು ಶುರು ಮಾಡಿದ್ದ. ಚೂರು ಚೂರಾಗಿ ಮುರಿದು, ಒಂದು ಪುಡಿಯೂ ಸೋಫಾ ಮೇಲೆ ಬೀಳದ ಹಾಗೆ ಎಡಗೈ ಕೆಳಗೆ ಹಿಡಿದುಕೊಂಡು ತಿನ್ನುತ್ತಿದ್ದ. ಊರಲ್ಲಿ ಇದೇ ಹುಡುಗ ಚಕ್ಕುಲಿಯನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ಅಂಗಳ ತುಂಬ ಓಡುತ್ತಿದ್ದ.

ಐದು ತಿಂಗಳು. ಹಾಗಲಕಾಯಿ ಪಲ್ಯ ಮಾಡಿದ ದಿನ ತುತ್ತಿಗೊಂದು ಗುಟುಕು ನೀರು ಕುಡಿದು ತಟ್ಟೆ ಖಾಲಿ ಮಾಡುತ್ತಾನೆ. ನಾನು ಇಷ್ಟ ಅಂದುಕೊಂಡು ವಾರಕ್ಕೆರಡು ಸಲ ಮಾಡಿದ್ದೇನೆ. ಸ್ನಾನಕ್ಕೆ ಹೋಗು ಅಂದರೆ ಹೋಗುತ್ತಾನೆ. ಊರಲ್ಲಿ ಅಕ್ಕ ಬಚ್ಚಲೊಲೆಗೆ ಬೆಂಕಿ ಹಾಕಿ, ನೀರು ಕಾದು, ಕೂಗಿ ಕೂಗಿ ಸುಸ್ತಾದ ಮೇಲೆ ಎಲ್ಲಿಂದಲೋ ಮೈಯೆಲ್ಲ ಕೆಸರು ಮಾಡಿಕೊಂಡು ಬರುವವನು. ಓಲ್ಗಾಳಿಗೆ ಗೊತ್ತಾಯಿತು. ನನಗೆ ಗೊತ್ತಾಗಲಿಲ್ಲ. ನನ್ನ ಮನೆಗೆ ಬಂದವನು ಆ ಒಳ್ಳೆ ಹುಡುಗ. ಅಟ್ಟ ಹತ್ತಿ ಕೂಗಿದ ಅಪ್ಪಿ ಇನ್ನೂ ಊರಲ್ಲೇ, ಅಟ್ಟದ ಮೇಲೇ ಇದ್ದಾನೆ. ಒಳ್ಳೆಯವನಾಗಿ ಇರದಿದ್ದರೆ ನಾವು ಇಟ್ಟುಕೊಳ್ಳಲ್ಲ ಅಂತ ಅವನಿಗೆ ಯಾರಾದರೂ ಹೇಳಿದ್ದರಾ? ಅಕ್ಕ ಹಾಗೆ ಹೇಳುವವಳಲ್ಲ. "ಚಿಕ್ಕಿಗೆ ತೊಂದರೆ ಕೊಡಬೇಡ" ಅಂತ ಬಸ್ ಹತ್ತಿಸುವಾಗ ಅಂದಿರಬಹುದು. ಎಲ್ಲ ಅಮ್ಮಂದಿರೂ ಅನ್ನುತ್ತಾರೆ. ಅಷ್ಟೇ ಸಾಕಾಯಿತೇನೋ ಅವನಿಗೆ.

ನಾಳೆ ಗ್ಯಾಸ್ ಬುಕ್ ಮಾಡಬೇಕು, ಮರೆಯಬಾರದು.

ಸಿನಿಮಾ ಮುಗಿದ ಮೇಲೆ ಅವನು ಕೇಳಿದ್ದು ಬೇರೆಯೇ. "ವಾಯೇಜರ್ ನಿಜವಾ?" ಸಿನಿಮಾದಲ್ಲಿ ಮ್ಯೂಸಿಯಂನಲ್ಲಿ ಎಲಿಯೋ ಅದರ ಮುಂದೆ ನಿಂತು ಕಣ್ಣೀರು ಹಾಕುತ್ತಾನಲ್ಲ, ಅದು. ನಿಜ ಅಂದೆ. 1977ರಲ್ಲಿ ಎರಡು ನೌಕೆ ಕಳಿಸಿದರು, ಎರಡರಲ್ಲೂ ಚಿನ್ನದ ಲೇಪ ಇರುವ ತಾಮ್ರದ ತಟ್ಟೆ ಇದೆ, ಹಳೆ ಕಾಲದ ಗ್ರಾಮಫೋನ್ ತಟ್ಟೆ ಹಾಗೆ, ಅದರಲ್ಲಿ 55 ಭಾಷೆಗಳಲ್ಲಿ ನಮಸ್ಕಾರ ಹೇಳಿದ್ದಾರೆ ಅಂದೆ.

"ಕನ್ನಡ?"

ಇದೆ. ಮೊಬೈಲಿನಲ್ಲಿ ಹುಡುಕಿ ಕೇಳಿಸಿದೆ. ಒಬ್ಬರ ದನಿ, ತುಂಬಾ ಚಿಕ್ಕದು. ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು. ಮುಗಿಯಿತು. ಅಪ್ಪಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಏಳೆಂಟು ಸಲ ಕೇಳಿದ. ಆ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ ಅಂತ ಇವರು ಸೇರಿಸಿದರು. ಅಪ್ಪಿಗೆ ಅದು ಬೇಕಿರಲಿಲ್ಲ.

"ಈಗ ಎಲ್ಲಿದೆ ಅದು?"

ಒಂದನೆಯದು 2,500 ಕೋಟಿ ಕಿಲೋಮೀಟರ್ ದಾಟಿ ಹೋಗಿದೆ. ಇಲ್ಲಿಂದ ಒಂದು ಮಾತು ಕಳಿಸಿದರೆ, ಅದು ಬೆಳಕಿನ ವೇಗದಲ್ಲಿ ಹೋದರೂ ಅಲ್ಲಿಗೆ ಮುಟ್ಟಲು 23 ಗಂಟೆ ಮೇಲಾಗುತ್ತದೆ, ಅದು ಉತ್ತರ ಕೊಟ್ಟರೆ ವಾಪಸ್ ಬರಲು ಮತ್ತೆ ಅಷ್ಟೇ ಹೊತ್ತು.

"ನಮ್ಮನೆಗೆ ಫೋನ್ ಮಾಡಿದ ಹಾಗೆ" ಅಂದ.

ಹೌದು. ಹೊಸನಗರ ದಾಟಿದ ಮೇಲೆ ನೆಟ್‌ವರ್ಕ್ ಇಲ್ಲ. ಅಕ್ಕ ಗುಡ್ಡದ ಮೇಲಿನ ಹುಣಸೆಮರದ ಹತ್ತಿರ ಬಂದಾಗ ಮಾತ್ರ ಫೋನ್ ಹತ್ತುತ್ತದೆ. ನಾವು ಮೆಸೇಜ್ ಹಾಕುತ್ತೇವೆ, ಅವಳು ಮಾರನೇ ದಿನ ನೋಡಿ ಉತ್ತರ ಕೊಡುತ್ತಾಳೆ. ಈಗಂತೂ ಅಡಿಕೆ ಗೊನೆ ಕೊಯ್ಲು ಶುರುವಾಗಿದೆ, ಗುಡ್ಡ ಹತ್ತಲು ಅವಳಿಗೆಲ್ಲಿ ಪುರುಸೊತ್ತು. ಎಲೆಚುಕ್ಕಿ ರೋಗ ಬಂದು ಉಳಿದಿರುವಷ್ಟನ್ನಾದರೂ ಹೊತ್ತಿಗೆ ಸರಿಯಾಗಿ ಇಳಿಸಬೇಕು. ಹಗಲು ಕೊಯ್ಲು, ರಾತ್ರಿ ಹನ್ನೊಂದರವರೆಗೆ ಸುಲಿಯುವುದು.

ಸಿನಿಮಾದ ಕೊನೆ ಹತ್ತಿರ ಗ್ಲೋರ್ಡನ್‌ನ ಅಪ್ಪ, ಎಲ್ಲರೂ ಹೆದರುವ ಆ ಗ್ರೈಗಾನ್, ಮಗನನ್ನು ಉಳಿಸಿಕೊಳ್ಳಲು ತನ್ನ ಕಬ್ಬಿಣದ ಕವಚ ಬಿಟ್ಟು ಹೊರಗೆ ಬರುತ್ತಾನೆ. ಒಳಗೆ ಅವನೂ ಒಂದು ಮೆತ್ತಗಿನ ಹುಳ. ನನಗೆ ತಡೆಯಲಾಗಲಿಲ್ಲ, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅಪ್ಪಿ ಆಗ ಏನೂ ಹೇಳಲಿಲ್ಲ. ರಾತ್ರಿ ಹೊದಿಕೆ ಹೊದಿಸುವಾಗ ನನ್ನ ಕೈ ಹಿಡಿದು ಬೆರಳು ತಿರುಗಿಸಿ ನೋಡಿದ.

"ಅಪ್ಪನ ಬೆರಳು ಈಗ ಪೂರ್ತಿ ಕಪ್ಪಾಗಿರುತ್ತೆ ಚಿಕ್ಕಿ. ಅಡಿಕೆ ಸುಲಿದು. ಸೋಪು ಹಾಕಿದ್ರೂ ಹೋಗಲ್ಲ."

"ಗೊತ್ತು ಪುಟ್ಟ. ನಿನ್ನ ಅಜ್ಜಂದೂ ಹಾಗೇ ಇರ್ತಿತ್ತು."

"ನಂದೂ ಆಗಿತ್ತು ಹೋದ್ ವರ್ಷ. ಮೆಟ್ಟುಗತ್ತಿ ಮುಟ್ಟಬೇಡ ಅಂದ್ರೂ ಮುಟ್ಟಿದ್ದೆ."

ಆ "ಅಂದ್ರೂ ಮುಟ್ಟಿದ್ದೆ" ಅನ್ನುವಾಗ ಅವನ ದನಿ ಬೇರೆ ಆಯಿತು. ಆ ಹುಡುಗನ ದನಿ, ಅಟ್ಟದ ಮೇಲಿನವನದು. ನಾನು ಕದಲದೆ ಕೂತೆ. ಎದ್ದರೆ ಹೋಗಿಬಿಡುತ್ತಾನೇನೋ ಅನ್ನುವ ಹಾಗೆ.

"ನಾಳೆ ತಿಂಡಿ ಏನು ಮಾಡ್ಲಿ?" ಅಂತ ಕೇಳಿದೆ.

"ಏನಾದ್ರೂ..." ಅಂದವನು ನಿಲ್ಲಿಸಿದ. ಫ್ಯಾನ್ ನೋಡುತ್ತಾ ಮಲಗಿದ್ದ. ತುಂಬ ಹೊತ್ತು.

"ಉಪ್ಪಿಟ್ಟು ಬೇಡ. ಹಾಗಲಕಾಯಿನೂ ಬೇಡ, ಡಬ್ಬಿಗೆ."

ನೀರು ದೋಸೆಗೆ ಅಕ್ಕಿ ನೆನೆಹಾಕಿ ಬಂದು ಇಲ್ಲಿ ಕೂತಿದ್ದೇನೆ. ಹನ್ನೊಂದೂವರೆ ಆಯಿತು. ಇದನ್ನೆಲ್ಲ ಅಕ್ಕನಿಗೆ ಹೇಳಬೇಕಾ ಬೇಡವಾ ಗೊತ್ತಾಗುತ್ತಿಲ್ಲ. ಹೇಳಿದರೆ ಮಾರನೇ ಬೆಳಗ್ಗೆ ಮೊದಲ ಬಸ್ಸಿಗೇ ಹೊರಟು ಬರುತ್ತಾಳೆ, ಕೊಯ್ದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ, ಭಾವ ಒಬ್ಬರೇ. ಹೇಳದಿದ್ದರೆ ಅವಳು ಗುಡ್ಡ ಹತ್ತಿ ಫೋನ್ ಮಾಡಿದಾಗೆಲ್ಲ ಕೇಳುತ್ತಾಳೆ, ಹೇಗಿದ್ದಾನೆ, ಗಲಾಟೆ ಮಾಡ್ತಾನಾ ಅಂತ, ನಾನು ಇಷ್ಟು ದಿನ ಹೇಳಿದ ಹಾಗೇ ಇಲ್ಲಪ್ಪ, ತುಂಬಾ ಒಳ್ಳೆ ಹುಡುಗ ಅಂತ