ಗಾಮಾಕ್ಕೆ ಹಾಕಿದ 38.5%

ಜನರನ್ನು ಮುಂದೆ ಸೇದಬಹುದಾದವರು (ಪಿ), ಸೇದುವವರು (ಎಸ್), ಬಿಟ್ಟವರು (ಕ್ಯೂ) ಎಂದು ವಿಂಗಡಿಸುವ ಧೂಮಪಾನದ ಪಿ-ಎಸ್-ಕ್ಯೂ ಗಣಿತ ಮಾದರಿ ಚೆನ್ನಾಗಿ ಫಿಟ್ ಆಗಿತ್ತು. ಗ್ಯಾಟ್ಸ್ (ವಯಸ್ಕರ ತಂಬಾಕು ಬಳಕೆಯ ಜಾಗತಿಕ ಸಮೀಕ್ಷೆ) ಪ್ರಕಾರ ದೇಶದ ವಯಸ್ಕರಲ್ಲಿ ಬೀಡಿ-ಸಿಗರೇಟು ಸೇದುವವರು 2009-10ರಲ್ಲಿ 14.0%, 2016-17ರಲ್ಲಿ 10.7%. ನಮ್ಮ ಗೆರೆ ಎರಡೂ ಚುಕ್ಕೆ ಮುಟ್ಟಿಕೊಂಡೇ ಹೋಗಿತ್ತು. ರಿವ್ಯೂಗೆ ಇಪ್ಪತ್ತು ನಿಮಿಷ ಇದ್ದಾಗ ಜೂನಿಯರ್ ಒಬ್ಬರು ಕೇಳಿದರು: "ಈ ಬೀಟಾ-ಪಿ-ಎಸ್ ಅಂದ್ರೆ ವರ್ಷಕ್ಕೆ ನೂರರಲ್ಲಿ ಎಷ್ಟು ಜನ ಹೊಸದಾಗಿ ಶುರು ಮಾಡ್ತಾರೆ?"

ಬೀಟಾ ಅಂದರೆ ಸೇದುವವರ ಸಹವಾಸದಿಂದ ಚಟ ಹತ್ತುವ ವಾರ್ಷಿಕ ದರ. ಅದನ್ನು ಪಿ, ಎಸ್ ಪಾಲುಗಳಿಂದ ಗುಣಿಸಿದರೆ ನೂರಕ್ಕೆ 5.6. ಸೇದುವವರ ಒಟ್ಟು ಪಾಲೇ 12ರ ಆಸುಪಾಸು. ಹಾಗಾದರೆ ಅವರಲ್ಲಿ ಅರ್ಧಕ್ಕರ್ಧ ಪ್ರತಿವರ್ಷ ಹೊಸಬರು! ಸಾಧ್ಯವೇ ಇಲ್ಲ.

ಹತ್ತು ನಿಮಿಷ ಬೀಟಾವನ್ನೇ ಜಾಲಾಡಿದೆ. ತಪ್ಪಿದ್ದದ್ದು ಗಾಮಾದಲ್ಲಿ, ಅಂದರೆ ಸೇದುವವರು ಬಿಡುವ ವಾರ್ಷಿಕ ದರದಲ್ಲಿ. ಕಳೆದ 12 ತಿಂಗಳಲ್ಲಿ ಬಿಡಲು ಪ್ರಯತ್ನಿಸಿದೆ ಎಂದ ಸೇದುವವರು ಗ್ಯಾಟ್ಸ್-2ರಲ್ಲಿ (2016-17ರ ಸುತ್ತು) 38.5%. ಅದನ್ನೇ ಬಿಟ್ಟವರ ಲೆಕ್ಕವೆಂದು ಹಿಡಿದು, 1ರಿಂದ 0.385 ಕಳೆದು ಲಾಗ್ ತೆಗೆದು, ಋಣ ಚಿಹ್ನೆ ಬಿಟ್ಟು, 0.486 ಎಂದು ತುಂಬಿದ್ದೆ. ಯಾವ ನೆರವೂ ಇಲ್ಲದೆ ಬಿಡುವವರಲ್ಲಿ ಆರರಿಂದ ಹನ್ನೆರಡು ತಿಂಗಳು ತಡೆದುಕೊಳ್ಳುವವರು 3-5% ಮಾತ್ರ. ಬಹುಪಾಲು ಜನ ಮೊದಲ ಎಂಟು ದಿನದೊಳಗೇ ಮತ್ತೆ ಹಚ್ಚುತ್ತಾರೆ. ನಮ್ಮ ಮಾದರಿಯಲ್ಲಿ ಕ್ಯೂನಿಂದ ಎಸ್‌ಗೆ ಮರಳುವ ಬಾಣವೇ ಇರಲಿಲ್ಲ.

ಆದರೂ ಫಿಟ್ ಕೂತದ್ದು ಹೇಗೆ? ಏಳು ವರ್ಷದ ಆ ಇಳಿಕೆ ವರ್ಷಕ್ಕೆ 0.038. ಗೆರೆಯನ್ನು ಚುಕ್ಕೆಗಳಿಗೆ ಹೊಂದಿಸುವ ಆಪ್ಟಿಮೈಸರ್ ನೋಡುವುದು ಒಳಹರಿವು-ಹೊರಹರಿವಿನ ವ್ಯತ್ಯಾಸವನ್ನಷ್ಟೇ. ಗಾಮಾ 0.486, ಮ್ಯೂ (ಸಾವಿನಿಂದ ಹೊರಹೋಗುವ ದರ) 0.02 ಕೊಟ್ಟರೆ ಬೀಟಾ-ಪಿಯನ್ನು 0.468ಕ್ಕೆ ಏರಿಸಿ ಸುಮ್ಮನಾಗುತ್ತದೆ. ಎರಡು ಚುಕ್ಕೆ ಇಟ್ಟುಕೊಂಡು ಎರಡು ದರಗಳನ್ನು ಬಿಡಿಸಲು ಬರುವುದಿಲ್ಲ. ಕೆಡುವುದು ಸಲಹೆ: ಯಾವ ದರ ಬದಲಿಸಿದರೆ ಫಲಿತಾಂಶ ಎಷ್ಟು ಬದಲಾಗುತ್ತದೆಂದು ತೋರುವ ಸೆನ್ಸಿಟಿವಿಟಿ ಟೇಬಲ್ಲಿನಲ್ಲಿ ಬೀಟಾವೇ ಮೇಲೆ ಕೂತು, ಬಿಟ್ಟವರು ಮತ್ತೆ ಜಾರದಂತೆ ನೋಡಿಕೊಳ್ಳುವ ಕೆಲಸ ಕಣ್ಣಿಗೇ ಬೀಳುವುದಿಲ್ಲ. ದುಡ್ಡು ಆ ಟೇಬಲ್ ನೋಡಿಯೇ ಹಂಚಿಕೆಯಾಗುವುದರಿಂದ ನನಗೆ ಇಂದಿಗೂ ಚುಚ್ಚುವುದು ಇದೇ.

ಮರಳುವ ಬಾಣದ ತೂಕ ತಿಳಿಯಲು ಸಣ್ಣ ಲೆಕ್ಕ ಸಾಕು. ಬೀಟಾ 0.2, ಗಾಮಾ 0.2, ಮ್ಯೂ 0.02 ಇಟ್ಟರೆ ಆರ್-ನಾಟ್ (ಒಬ್ಬ ಸೇದುವವ ಸರಾಸರಿ ಎಷ್ಟು ಹೊಸಬರನ್ನು ಚಟಕ್ಕೆ ಎಳೆಯುತ್ತಾನೆ ಎಂಬ ಎಣಿಕೆ) 0.91. ಅದು 1ಕ್ಕಿಂತ ಕಡಿಮೆ, ಚಟ ತಾನಾಗಿ ಕರಗುತ್ತದೆ. ಮರಳುವ ಬಾಣದ ದರ ಆಲ್ಫಾ 0.1 ಸೇರಿಸಿ: 3.75. 2008ರಲ್ಲಿ ಶರೋಮಿ ಮತ್ತು ಗುಮೆಲ್ ಎಂಬ ಗಣಿತ ಸಂಶೋಧಕರು ಮಾಡಿದಂತೆ ಕ್ಯೂವನ್ನು ತಾತ್ಕಾಲಿಕ, ಶಾಶ್ವತ ಎಂದು ಒಡೆದು, ಬಿಟ್ಟವರಲ್ಲಿ 30% ಜನರನ್ನು ಶಾಶ್ವತಕ್ಕೆ ಕಳಿಸಿದರೆ 1.94. ಆಲ್ಫಾವನ್ನು ಸ್ಥಿರವಾಗಿಡುವುದೂ ಪೂರ್ತಿ ಸರಿಯಲ್ಲ. ಮೊದಲ ತಿಂಗಳಿಗೆ ಬೇರೆ ಕಂಪಾರ್ಟ್‌ಮೆಂಟ್ (ಗುಂಪು) ಬೇಕು.

ಮ್ಯಾನೇಜ್‌ಮೆಂಟ್‌ಗೆ ಸ್ಲೈಡಿಗೊಂದು ಸಂಖ್ಯೆ ಬೇಕಿತ್ತು, ಕೊಡಲಿಲ್ಲ. ಈಗ ಫಿಟ್ ಮುಗಿದೊಡನೆ ಸ್ಕ್ರಿಪ್ಟ್ ಮೊದಲು ಬೀಟಾ-ಪಿ-ಎಸ್ ಅನ್ನು ನೂರಕ್ಕೆ ಇಷ್ಟು ಎಂದು ಪ್ರಿಂಟ್ ಮಾಡುತ್ತದೆ, ಗ್ರಾಫ್ ಆಮೇಲೆ.